ಗೋಡೆ ಮೇಲಿನ ಕಟಾನಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಾಲ್‌ನಲ್ಲಿ ಎರಡು ಜಪಾನಿ ಕತ್ತಿಗಳಿವೆ. ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ವ್ಯಾಪಾರಿಯಲ್ಲ, ಕತ್ತಿವರಸೆ ಕಲಿತವನೂ ಅಲ್ಲ. ಈ ವಸ್ತುವಿನ ಹುಚ್ಚು ಹತ್ತಿದವನು, ಅಷ್ಟೇ. ಕೈ ಸುಟ್ಟುಕೊಂಡದ್ದೂ ಉಂಟು. ಅದನ್ನೂ ಸೇರಿಸಿದ್ದೇನೆ.

ಜಪಾನಿ ಕತ್ತಿ ಎಲ್ಲವೂ ಕಟಾನಾನೇ ಅಲ್ವಾ?

ಅಲ್ಲ. ಅಳತೆ ನೋಡಿ ಹೆಸರು ಇಡುತ್ತಾರೆ. ಜಪಾನಿನ ಹಳೆಯ ಅಳತೆ ‘ಶಾಕು’. ಒಂದು ಶಾಕು ಅಂದರೆ 30.3 ಸೆಂಟಿಮೀಟರ್, ನಮ್ಮ ಒಂದು ಅಡಿಗೆ ತೀರಾ ಹತ್ತಿರ. ಅಲಗು ಎರಡು ಶಾಕು ಅಥವಾ ಅದಕ್ಕಿಂತ ಉದ್ದ ಇದ್ದರೆ ಕಟಾನಾ. ಒಂದರಿಂದ ಎರಡು ಶಾಕು ಇದ್ದರೆ ವಾಕಿಜಾಶಿ. ಒಂದಕ್ಕಿಂತ ಕಡಿಮೆ ಇದ್ದರೆ ತಾಂತೊ. ಕಟಾನಾ ಮತ್ತು ವಾಕಿಜಾಶಿ ಜೋಡಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅದು ‘ದಾಯ್ಶೊ’, ಅಂದರೆ ದೊಡ್ಡದು-ಚಿಕ್ಕದು. ಸಮುರಾಯ್‌ಗಳ ಗುರುತೇ ಅದು.

ಇನ್ನೊಂದು ‘ತಾಚಿ’ ಅಂತ ಇದೆ. ಇದು ಕಟಾನಾಗಿಂತ ಹಳೆಯದು, ಕುದುರೆ ಮೇಲೆ ಕೂತು ಹೋರಾಡುವವರದು. ಬಾಯಿ, ಅಂದರೆ ಹರಿತದ ಅಂಚು, ಕೆಳಗೆ ಬರುವಂತೆ ಸೊಂಟದಿಂದ ತೂಗುಬಿಡುತ್ತಿದ್ದರು. ಕಟಾನಾ ಹಾಗಲ್ಲ, ಬಾಯಿ ಮೇಲೆ ಮಾಡಿ ನಡುಪಟ್ಟಿಯೊಳಗೆ ಸಿಕ್ಕಿಸುವುದು. ಈ ವ್ಯತ್ಯಾಸ ನೆನಪಿರಲಿ, ಗೋಡೆಗೆ ಹಾಕುವಾಗ ಬೇಕಾಗುತ್ತದೆ.

ಅಂದ ಹಾಗೆ ಜಪಾನಿಗಳ ಬಾಯಲ್ಲಿ ಅದು ‘ಕತನ’. ತ ಅಕ್ಷರವೇ, ದೀರ್ಘವೂ ಇಲ್ಲ. ಇಂಗ್ಲಿಷ್ ಸುತ್ತಿ ನಮಗೆ ಬರುವಷ್ಟರಲ್ಲಿ ಕಟಾನಾ ಆಗಿದೆ. ರೂಢಿಯಾಗಿರುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಎಲ್ಲ ಒಂದೇ ಥರ ಕಾಣುತ್ತವೆ. ಬೆಲೆ ಮಾತ್ರ ಕೆಲವು ಸಾವಿರದಿಂದ ಹಲವು ಲಕ್ಷದವರೆಗೆ. ಯಾಕೆ?

ಯಾಕೆಂದರೆ ಅವು ಮೂರು ಬೇರೆ ಬೇರೆ ವಸ್ತುಗಳು. ಮೂರಕ್ಕೂ ಒಂದೇ ಹೆಸರು ಇಟ್ಟು ಮಾರುತ್ತಾರೆ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನೇ ಓದಿ.

ಮೊದಲನೆಯದು ಬರೀ ಅಲಂಕಾರದ ಕತ್ತಿ. ಅಲಗು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಯಾವುದೋ ಮಿಶ್ರಲೋಹ. ಹಿಡಿ ಪ್ಲಾಸ್ಟಿಕ್ಕು. ದೂರದಿಂದ ಚೆನ್ನಾಗಿ ಕಾಣುತ್ತದೆ, ಹತ್ತಿರ ಹೋದರೆ ಆಟದ ಸಾಮಾನು. ಮಾರುವ ಸೈಟುಗಳಲ್ಲಿ ಸಿಗುವುದರಲ್ಲಿ ಜಾಸ್ತಿ ಇದೇ.

ಎರಡನೆಯದು ‘ಇಯಾಯ್ತೊ’. ಕತ್ತಿ ಎಳೆಯುವುದನ್ನು, ಒರೆಗೆ ಸೇರಿಸುವುದನ್ನು ಅಭ್ಯಾಸ ಮಾಡುವವರಿಗಾಗಿ ಜಪಾನಿನಲ್ಲೇ ಮಾಡುವ ಕತ್ತಿ. ಹಿಡಿ, ಒರೆ, ದಾರದ ಸುತ್ತು ಎಲ್ಲವೂ ಅಸಲಿ ಕತ್ತಿಗೆ ಮಾಡುವ ಹಾಗೇ. ಅಲಗು ಮಾತ್ರ ಸತು ಮತ್ತು ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದದ್ದು. ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ಗಿಫು ಪ್ರಾಂತ್ಯದ ಸೆಕಿ ಊರು ಇದಕ್ಕೆ ಹೆಸರುವಾಸಿ. ಮಧ್ಯಯುಗದಿಂದ ಕತ್ತಿ ಬಡಿದ ಊರು ಅದು. ಈಗ ಅಡುಗೆಮನೆ ಚಾಕು, ಕತ್ತರಿ, ಬ್ಲೇಡು ಎಲ್ಲ ಅಲ್ಲಿಂದ ಬರುತ್ತವೆ.

ಮೂರನೆಯದು ‘ನಿಹೊಂತೊ’, ಅಂದರೆ ಅಸಲಿ ಜಪಾನಿ ಕತ್ತಿ. ಪರವಾನಗಿ ಇರುವ ಕಮ್ಮಾರ ‘ತಮಹಗಾನೆ’ ಅನ್ನುವ ಉಕ್ಕಿನಿಂದ ಬಡಿದದ್ದು, ಇಲ್ಲವೇ ಹಳೆಯ ಕಾಲದ್ದು. ಪರವಾನಗಿ ಬೇಕಾದರೆ ಗುರುವಿನ ಹತ್ತಿರ ಕನಿಷ್ಠ 5 ವರ್ಷ ಇರಬೇಕು. ಆಮೇಲೂ ತಿಂಗಳಿಗೆ ಉದ್ದನೆಯ ಕತ್ತಿ ಎರಡಕ್ಕಿಂತ ಹೆಚ್ಚು ಮಾಡುವಂತಿಲ್ಲ. ಬೆಲೆ ಲಕ್ಷಗಟ್ಟಲೆ ಯೆನ್.

ಈ ಮೂರರ ನಡುವೆ ನಾಲ್ಕನೆಯ ಒಂದು ಗುಂಪಿದೆ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲೊಂಗ್‌ಚುವಾನ್‌ನಂಥ ಊರುಗಳಲ್ಲಿ ಒಳ್ಳೆಯ ಕಾರ್ಬನ್ ಉಕ್ಕಿನಿಂದ ಮಾಡಿದ, ನಿಜವಾಗಿಯೂ ಹರಿತವಾದ ಕತ್ತಿಗಳು. ಕೆಲವು ಬಹಳ ಚೆನ್ನಾಗಿವೆ. ಲೊಂಗ್‌ಚುವಾನ್‌ಗೆ ತನ್ನದೇ ಹಳೆಯ ಖಡ್ಗ ಪರಂಪರೆ ಇದೆ. ಅದನ್ನು ‘ಚೀನಾ ಮಾಲು’ ಅಂತ ತಳ್ಳಿಹಾಕುವುದು ತಪ್ಪು. ಅದನ್ನು ಸಮುರಾಯ್ ಮನೆತನದ ಕತ್ತಿ ಅಂತ ಮಾರುವುದು ಇನ್ನೂ ದೊಡ್ಡ ತಪ್ಪು.

ಗೋಡೆಗೆ ಹಾಕೋದಕ್ಕೆ ತಾನೇ, ಅಗ್ಗದ್ದು ಸಾಲದಾ?

ಸಾಕು, ಯಾರೂ ಅದನ್ನು ಬೀಸದಿದ್ದರೆ. ಆದರೆ ಕತ್ತಿ ಕೈಗೆ ಸಿಕ್ಕರೆ ಬೀಸದೆ ಇರುವವರು ಯಾರಿದ್ದಾರೆ?

ನನ್ನ ಮೊದಲ ಕತ್ತಿ ಆನ್‌ಲೈನ್‌ನಲ್ಲಿ ತರಿಸಿದ್ದು. ‘ಕೈಯಿಂದ ಬಡಿದದ್ದು, ಯುದ್ಧಕ್ಕೆ ಸಿದ್ಧ’ ಅಂತ ಬರೆದಿತ್ತು. ಕಪ್ಪು ಒರೆ, ಕೆಂಪು ದಾರ, ಹಿಡಿಗೂ ಅಲಗಿಗೂ ನಡುವೆ ಹಾವಿನ ಚಿತ್ರದ ತಡೆತಟ್ಟೆ. ಎರಡು ತಿಂಗಳು ಖುಷಿಯೋ ಖುಷಿ. ಒಂದು ಭಾನುವಾರ ಅಕ್ಕನ ಮಗ ಬಂದ. ಹದಿನೈದು ವರ್ಷದ ಹುಡುಗ. ‘ಮಾಮ, ಒಂದೇ ಸಲ’ ಅಂದ. ಸರಿ ಅಂದೆ. ಗಾಳಿಯಲ್ಲಿ ಎರಡು ಸಲ ಬೀಸಿದ, ಮೂರನೆಯ ಸಲಕ್ಕೆ ಹಿಡಿ ಕೈಯಲ್ಲೇ ಉಳಿಯಿತು, ಅಲಗು ಹೋಗಿ ಸೋಫಾದ ಬೆನ್ನಿಗೆ ನಾಟಿತು. ಆ ಸೋಫಾದಲ್ಲಿ ಐದು ನಿಮಿಷದ ಹಿಂದೆ ನಮ್ಮಮ್ಮ ಕೂತು ಹುರುಳಿಕಾಯಿ ಸೋಸುತ್ತಿದ್ದರು.

ಆಮೇಲೆ ಹಿಡಿ ಬಿಚ್ಚಿ ನೋಡಿದೆ. ಅಲಗಿನ ಬುಡಕ್ಕೆ ಪೆನ್ಸಿಲ್ ದಪ್ಪದ ಒಂದು ಸರಳನ್ನು ಬೆಸುಗೆ ಹಾಕಿದ್ದರು. ತುದಿಯಲ್ಲಿ ಒಂದು ನಟ್ಟು. ಬೆಸುಗೆ ಬಿಟ್ಟುಹೋಗಿತ್ತು. ಇಂಗ್ಲಿಷಿನವರು ಇದಕ್ಕೆ ಇಲಿಬಾಲ ಅಂತಲೇ ಕರೆಯುತ್ತಾರೆ. ಬೈದುಕೊಳ್ಳಬೇಕಾದ್ದು ನನ್ನನ್ನೇ, ಯಾಕೆಂದರೆ ಕೊಳ್ಳುವಾಗ ನಾನು ನೋಡಿದ್ದು ಹಾವಿನ ಚಿತ್ರ ಮಾತ್ರ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು?

ಹಿಡಿಯೊಳಗೆ ಅಡಗಿರುವ ಭಾಗವನ್ನು. ಅಲಗು ಹಿಡಿಯೊಳಕ್ಕೆ ಮುಂದುವರಿದ ತುಂಡಿಗೆ ‘ನಕಾಗೊ’ ಅನ್ನುತ್ತಾರೆ. ನಮ್ಮ ಕುಡುಗೋಲಿಗೆ, ಮಚ್ಚಿಗೆ ಹಿಡಿಯೊಳಗೆ ಹೋಗುವ ತುಂಡು ಇರುತ್ತದಲ್ಲ, ಹಾಗೇ. ಒಳ್ಳೆಯ ಕತ್ತಿಯಲ್ಲಿ ಅದು ಅಲಗಿನದೇ ತುಂಡು, ಅಗಲವಾಗಿ, ಹಿಡಿಯ ಮುಕ್ಕಾಲು ಭಾಗದವರೆಗೆ ಹೋಗಿರುತ್ತದೆ. ಬೆಸುಗೆ ಇರುವುದಿಲ್ಲ.

ಅದನ್ನು ಹಿಡಿಗೆ ಕೂರಿಸಿರುವುದು ಅಂಟಲ್ಲ, ನಟ್ಟಲ್ಲ. ಒಂದು ಬಿದಿರಿನ ಗೂಟ, ‘ಮೆಕುಗಿ’. ಕಿರುಬೆರಳಿಗಿಂತ ಸಣ್ಣದು. ಚಿಕ್ಕ ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹೊರಬರುತ್ತದೆ. ಹಿಡಿ, ತಡೆತಟ್ಟೆ, ಅಲಗಿನ ಬುಡ ಸುತ್ತಿ ಒರೆಯ ಬಾಯಿಗೆ ಬಿಗಿಯಾಗಿ ಕೂರುವ ಕೊರಳಪಟ್ಟಿ, ಎಲ್ಲ ಒಂದೊಂದಾಗಿ ಜಾರಿ ಬರುತ್ತವೆ. ಇಡೀ ಕತ್ತಿ ಬಿಚ್ಚಿ ಜೋಡಿಸುವಂತೆ ಮಾಡಿದ್ದು. ಬಿದಿರೇ ಯಾಕೆ ಅಂದರೆ ಏಟು ಬಿದ್ದಾಗ ಅದು ಬಾಗುತ್ತದೆ, ಪಟ್ಟನೆ ಮುರಿಯುವುದಿಲ್ಲ.

ಮಾರುವವರ ಹತ್ತಿರ ಹಿಡಿ ಬಿಚ್ಚಿದ ಫೋಟೊ ಕೇಳಿ. ‘ಇದು ಬಿಚ್ಚಲು ಬರುವುದಿಲ್ಲ’ ಅಂದರೆ ಮಾತು ಅಲ್ಲಿಗೇ ಮುಗಿಸಿ.

ಇನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಇದ್ದರೆ ಹಿಡಿಯ ದಾರದ ಸುತ್ತನ್ನು ಹೆಬ್ಬೆರಳಿನಿಂದ ಒತ್ತಿ ಜರುಗಿಸಿ. ಒಳ್ಳೆಯ ಸುತ್ತು ಒಂದು ಕೂದಲೆಳೆಯೂ ಜರುಗುವುದಿಲ್ಲ. ದಾರದ ಮಧ್ಯೆ ವಜ್ರಾಕಾರದ ಕಿಂಡಿಗಳಲ್ಲಿ ಬಿಳಿ ಬಿಳಿ ಹರಳಿನಂಥ ಚರ್ಮ ಕಾಣುತ್ತದೆ. ಅದು ತೊರಕೆ ಮೀನಿನ ಚರ್ಮ. ಅಸಲಿಯಲ್ಲಿ ಗುಬುಟುಗಳು ಒಂದು ದೊಡ್ಡದು, ಒಂದು ಚಿಕ್ಕದು ಇರುತ್ತವೆ. ಪ್ಲಾಸ್ಟಿಕ್‌ನಲ್ಲಿ ಎಲ್ಲ ಒಂದೇ ಅಚ್ಚು. ಕೊನೆಗೆ ಒರೆಯ ಬಾಯಿ ಕೆಳಗೆ ಮಾಡಿ ನಿಧಾನ ಬಗ್ಗಿಸಿ, ಕೆಳಗೊಂದು ಕೈ ಇರಲಿ. ಕತ್ತಿ ತಾನಾಗೇ ಜಾರಿ ಬಂದರೆ ಕೊರಳಪಟ್ಟಿ ಸರಿಯಾಗಿ ಕೂತಿಲ್ಲ.

ಅಲಗಿನ ಮೇಲೆ ಅಲೆ ಅಲೆಯಾಗಿ ಬಿಳಿ ಗೆರೆ ಇದೆ. ಅದೇನು?

ಅದು ‘ಹಮೊನ್’. ಕಟಾನಾದ ಮುಖ ಅಂತಲೇ ಹೇಳಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಮ್ಮಾರ ಅಲಗನ್ನು ಬಡಿದು ಆಕಾರಕ್ಕೆ ತಂದಾಗ ಅದು ಹೆಚ್ಚುಕಡಿಮೆ ನೇರವಾಗಿಯೇ ಇರುತ್ತದೆ. ಆಮೇಲೆ ಜೇಡಿಮಣ್ಣು, ಇದ್ದಿಲ ಪುಡಿ, ಕಲ್ಲಿನ ಪುಡಿ ಕಲಸಿ ಅಲಗಿಗೆ ಮೆತ್ತುತ್ತಾನೆ. ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕತ್ತಲು ಮಾಡಿಕೊಂಡ ಕುಲುಮೆಯಲ್ಲಿ ಕಾಸುತ್ತಾನೆ. ಕತ್ತಲು ಯಾಕೆಂದರೆ ಕಾವನ್ನು ಅಳೆಯುವುದು ಉಕ್ಕಿನ ಬಣ್ಣ ನೋಡಿ. ಹದವಾದ ಕೆಂಪು ಬಂತು ಅನ್ನಿಸಿದ ಕ್ಷಣ ನೀರಿಗೆ ಅದ್ದುತ್ತಾನೆ. ತೆಳು ಮಣ್ಣಿನ ಬಾಯಿ ಪಟ್ಟನೆ ತಣ್ಣಗಾಗಿ ಗಟ್ಟಿಯಾಗುತ್ತದೆ. ದಪ್ಪ ಮಣ್ಣಿನ ಬೆನ್ನು ನಿಧಾನಕ್ಕೆ ತಣ್ಣಗಾಗಿ ಮೆದುವಾಗಿಯೇ ಉಳಿಯುತ್ತದೆ. ಗಟ್ಟಿಯಾದ ಉಕ್ಕು ಜಾಗ ಜಾಸ್ತಿ ಬೇಡುತ್ತದೆ, ಉಬ್ಬುತ್ತದೆ. ಬಾಯಿಯ ಕಡೆ ಉಬ್ಬಿದ್ದರಿಂದ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಕಟಾನಾದ ಆ ಚೆಂದದ ಬಾಗು ಹೆಚ್ಚಿನ ಪಾಲು ನೀರಿನಲ್ಲಿ ಹುಟ್ಟುವುದು, ಆ ಒಂದೆರಡು ಉಸಿರಿನಲ್ಲಿ. ಹಾಗೇ ತಿಂಗಳುಗಟ್ಟಲೆ ಪಟ್ಟ ಕಷ್ಟ ‘ಟಿಣ್’ ಅಂತ ಬಿರುಕು ಬಿಡುವುದೂ ಅಲ್ಲೇ.

ಗಟ್ಟಿ ಉಕ್ಕು ಮತ್ತು ಮೆದು ಉಕ್ಕು ಸೇರುವ ಗಡಿಯೇ ಹಮೊನ್. ನೇರ ಗೆರೆ, ಅಲೆ, ಲವಂಗದ ಮೊಗ್ಗಿನ ಸಾಲು, ಮೂರು ಮರದ ತುದಿಗಳ ಹಾಗೆ, ಹೀಗೆ ಒಬ್ಬೊಬ್ಬ ಕಮ್ಮಾರನದು ಒಂದೊಂದು. ಸೆಕಿಯ ಮಾಗೊರೊಕು ಕಾನೆಮೊತೊನ ಗುರುತು ಆ ಮೂರು ಮರದ ತುದಿ.

ಅಗ್ಗದ ಕತ್ತಿಯಲ್ಲಿ ಇದನ್ನು ಆಸಿಡ್‌ನಿಂದಲೋ ತಂತಿ ಬ್ರಷ್‌ನಿಂದಲೋ ಬರೆದಿರುತ್ತಾರೆ. ಗೊತ್ತುಮಾಡುವುದು ಸುಲಭ. ರಾತ್ರಿ ಒಂದೇ ಬಲ್ಬ್ ಹಾಕಿ. ಅಲಗಿನ ಮೊನೆಯನ್ನು ಬಲ್ಬಿನ ಕಡೆ ಮಾಡಿ, ಬೆಳಕು ಅಲಗಿನ ಮೇಲೆ ಹರಿಯುವಂತೆ ನಿಧಾನಕ್ಕೆ ಓರೆ ಮಾಡಿ. ಬರೆದ ಗೆರೆ ಯಾವ ಕೋನದಲ್ಲೂ ಒಂದೇ ಥರ, ರಂಗೋಲಿ ಎಳೆದ ಹಾಗೆ. ಅಸಲಿ ಗೆರೆ ಕೆಲವು ಕೋನದಲ್ಲಿ ಕಾಣುವುದೇ ಇಲ್ಲ, ಸರಿಯಾದ ಕೋನ ಸಿಕ್ಕಾಗ ಬೆಳಗಿನ ಮಂಜಿನ ಹಾಗೆ ಎದ್ದು ಬರುತ್ತದೆ, ಒಳಗೆ ಚುಕ್ಕಿ ಚುಕ್ಕಿ ಮಿನುಗುತ್ತದೆ. ಒಂದು ಸಲ ನೋಡಿದವರು ಮತ್ತೆ ಮೋಸ ಹೋಗುವುದು ಕಷ್ಟ.

ಉಕ್ಕನ್ನು ಸಾವಿರ ಸಲ ಮಡಚುತ್ತಾರಂತೆ, ನಿಜವಾ?

ಇಲ್ಲ. ಸಾಮಾನ್ಯವಾಗಿ ಹತ್ತರಿಂದ ಹದಿನೈದು ಸಲ. ಪ್ರತಿ ಸಲವೂ ಪದರ ಎರಡರಷ್ಟಾಗುತ್ತದೆ. 15 ಸಲ ಮಡಚಿದರೆ 32,768 ಪದರ. ‘ಸಾವಿರ’ ಬಂದದ್ದು ಆ ಲೆಕ್ಕದಿಂದ.

ಮಡಚುವುದರಲ್ಲಿ ಮಾಯಮಂತ್ರ ಏನೂ ಇಲ್ಲ. ತಮಹಗಾನೆ ಉಕ್ಕು ಕುಲುಮೆಯಿಂದ ಬಂದಾಗ ಒಂದು ಕಡೆ ಗಟ್ಟಿ, ಒಂದು ಕಡೆ ಮೆದು, ನಡುವೆ ಕಿಟ್ಟ. ಚಪಾತಿ ಹಿಟ್ಟನ್ನು ಮಡಚಿ ಮಡಚಿ ನಾದಿದ ಹಾಗೆ ಅದನ್ನು ಹದ ಮಾಡುತ್ತಾರೆ, ಕಿಟ್ಟ ಹೊರಗೆ ಹೋಗಬೇಕಲ್ಲ. ಇವತ್ತಿನ ಕಾರ್ಖಾನೆಯ ಉಕ್ಕು ಮೊದಲೇ ಒಂದೇ ಹದದಲ್ಲಿರುತ್ತದೆ, ಅದನ್ನು ಮಡಚುವುದು ಬರೀ ಚಂದಕ್ಕೆ.

ಆ ಉಕ್ಕು ಬರುವ ಜಾಗದ ಬಗ್ಗೆಯೂ ಹೇಳಬೇಕು. ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ ‘ತಾತಾರ’ ಅನ್ನುವ ಮಣ್ಣಿನ ಕುಲುಮೆ ಇದೆ. ನಿಂತುಹೋಗಿದ್ದ ಈ ಕೆಲಸವನ್ನು ಜಪಾನಿನ ಕತ್ತಿ ಸಂರಕ್ಷಣಾ ಸಂಘ 1977ರಲ್ಲಿ ಮತ್ತೆ ಶುರು ಮಾಡಿತು. ಚಳಿಗಾಲದಲ್ಲಿ ಮಾತ್ರ ಉರಿಸುತ್ತಾರೆ, ಮೂರು ಹಗಲು ಮೂರು ರಾತ್ರಿ. ಸುಮಾರು 10 ಟನ್ ಕಬ್ಬಿಣದ ಮರಳು, 12 ಟನ್ ಇದ್ದಿಲು ಸುರಿದರೆ ಎರಡೂವರೆ ಟನ್ನಿನ ಒಂದು ಗಟ್ಟಿ ಸಿಗುತ್ತದೆ. ಅದರಲ್ಲೂ ಕತ್ತಿಗೆ ಆಗುವ ಒಳ್ಳೆಯ ಉಕ್ಕು ಒಂದು ಟನ್ನಿಗಿಂತ ಕಡಿಮೆ. ಅಷ್ಟೂ ಆದಮೇಲೆ ಕುಲುಮೆಯನ್ನು ಒಡೆದುಹಾಕಬೇಕು, ಮುಂದಿನ ಸಲಕ್ಕೆ ಹೊಸದು.

1045, 1060, 1095, ಟಿ10 ಅಂತೆಲ್ಲ ಬರೆದಿರುತ್ತಾರೆ. ಯಾವುದು ಒಳ್ಳೆಯದು?

ಇವು ಉಕ್ಕಿನ ದರ್ಜೆಗಳ ಹೆಸರು. 1045ರಲ್ಲಿ ಕಾರ್ಬನ್ ಸುಮಾರು 0.45%, 1095ರಲ್ಲಿ 0.95%. ಹೆಚ್ಚಾದಷ್ಟೂ ಹರಿತ ನಿಲ್ಲುತ್ತದೆ, ಪೆಡಸೂ ಆಗುತ್ತದೆ. ಗೋಡೆಯ ಮೇಲಿಡಲು 1045 ಧಾರಾಳ. ಅಸಲಿ ಹಮೊನ್ ಬೇಕು ಅಂದರೆ 1095 ಅಥವಾ ಟಿ10 ನೋಡಿ. ‘440 ಸ್ಟೇನ್‌ಲೆಸ್’ ಅಂತ ಇದ್ದರೆ ತುಕ್ಕಿನ ಚಿಂತೆ ಇಲ್ಲ, ಆದರೆ ಅಷ್ಟುದ್ದದ ಅಲಗಿಗೆ ಅದು ಪೆಡಸು. ಅದನ್ನು ಬೀಸಬೇಡಿ, ಯಾವುದಕ್ಕೂ ಹೊಡೆಯಬೇಡಿ.

ನಕಾಗೊ ಮೇಲೆ ಜಪಾನಿ ಅಕ್ಷರ ಕೆತ್ತಿದೆ. ಅಂದರೆ ಅಸಲಿ ತಾನೇ?

ಅಕ್ಷರವನ್ನು ಯಾರು ಬೇಕಾದರೂ ಕೆತ್ತಬಹುದು. ದೊಡ್ಡ ಹೆಸರುಗಳ ಸುಳ್ಳು ಸಹಿ ಹಾಕುವುದು ಜಪಾನಿನಲ್ಲೇ ನೂರಾರು ವರ್ಷಗಳ ಹಳೆಯ ದಂಧೆ. ಜಪಾನಿನ ಬಹಳ ಹೆಸರುವಾಸಿ ಕಮ್ಮಾರ ಮಾಸಮುನೆಯ ಸಹಿ ಇರುವ ಕತ್ತಿ ಸಿಕ್ಕರೆ ಖುಷಿಪಡುವ ಬದಲು ಅನುಮಾನಪಡಿ. ಆತ ಸಹಿ ಹಾಕಿದ ಕತ್ತಿಗಳು ಬೆರಳೆಣಿಕೆಯಷ್ಟೇ ಉಳಿದಿವೆ.

ನಂಬುವಂಥದ್ದು ಕಾಗದ. 1948ರಲ್ಲಿ ಹುಟ್ಟಿದ ಅದೇ ಕತ್ತಿ ಸಂರಕ್ಷಣಾ ಸಂಘ ಕತ್ತಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ ಅಂತ ನಾಲ್ಕು ಮೆಟ್ಟಿಲು. ಪತ್ರದಲ್ಲಿ ನಕಾಗೊದ ಚಿತ್ರ ಇರುತ್ತದೆ. ಕತ್ತಿಗೂ ಅದಕ್ಕೂ ಹೋಲಿಸಿ ನೋಡಿ.

ನಕಾಗೊ ಮೇಲಿನ ತುಕ್ಕನ್ನು ಮಾತ್ರ ಯಾವ ಕಾರಣಕ್ಕೂ ಉಜ್ಜಬೇಡಿ. ಕಪ್ಪಗೆ, ನಯವಾಗಿ ಕೂತಿರುವ ಆ ತುಕ್ಕೇ ಕತ್ತಿಯ ವಯಸ್ಸು. ‘ಕ್ಲೀನ್ ಮಾಡಿಸಿದೆ’ ಅಂತ ಯಾರೋ ಹೆಮ್ಮೆಯಿಂದ ತೋರಿಸಿದಾಗ ಬಲ್ಲವರಿಗೆ ಅಳು ಬರುತ್ತದೆ.

ಭಾರತದಲ್ಲಿ ಮನೆಯಲ್ಲಿ ಇಟ್ಟುಕೊಳ್ಳಬಹುದಾ? ಪೊಲೀಸ್ ತಂಟೆ ಇಲ್ವಾ?

ನಾನು ವಕೀಲನಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ.

1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ‘ಶಸ್ತ್ರ’ ಅಂದರೆ ಬಂದೂಕು ಮಾತ್ರವಲ್ಲ, ಹರಿತವಾದ ಆಯುಧಗಳೂ ಸೇರುತ್ತವೆ. 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿಯ ಹೆಸರು ನೇರವಾಗಿ ಇದೆ. ಚಾಕುಗಳಾದರೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಪಟ್ಟಿಗೆ ಬರುತ್ತವೆ. ಇಂಥ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕೋ ಬೇಡವೋ ಅನ್ನುವುದು ಆ ಪ್ರದೇಶಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಿದೆಯೇ ಅನ್ನುವುದರ ಮೇಲೆ ನಿಂತಿದೆ. ಕಾಯಿದೆಯ 4ನೇ ಕಲಮು ಹೇಳುವುದು ಅದನ್ನೇ. ಹಾಗಾಗಿ ‘ನನ್ನ ಗೆಳೆಯನ ಊರಲ್ಲಿ ಏನೂ ಕೇಳಲಿಲ್ಲ’ ಅನ್ನುವುದು ನಿಮ್ಮ ಊರಿಗೆ ಉತ್ತರವಲ್ಲ. ಠಾಣೆಗೆ ಅಥವಾ ಕಮಿಷನರ್ ಕಚೇರಿಗೆ ಹೋಗಿ ಕೇಳಿ, ಬರಹದಲ್ಲಿ ಕೇಳಿದರೆ ಇನ್ನೂ ಒಳ್ಳೆಯದು.

ಅದೇ ಕಾಯಿದೆ ಆಟಿಕೆಯಾಗಿ ಬಿಟ್ಟು ಬೇರೆ ಯಾವುದಕ್ಕೂ ಬಾರದ, ಆಯುಧವಾಗಿ ಬದಲಾಯಿಸಲೂ ಆಗದ ವಸ್ತುಗಳನ್ನು ಹೊರಗಿಟ್ಟಿದೆ. ‘ಹರಿತ ಇಲ್ಲ, ಆದ್ದರಿಂದ ಪರವಾಗಿಲ್ಲ’ ಅಂತ ಮಾರುವವರು ಹೇಳುವುದು ಈ ಮಾತು ಹಿಡಿದು. ಆದರೆ ಮೊಂಡು ಉಕ್ಕಿನ ಕತ್ತಿಗೆ ಸಾಣೆ ಹಿಡಿದರೆ ಅರ್ಧ ದಿನದಲ್ಲಿ ಹರಿತವಾಗುತ್ತದೆ. ಸತುವಿನ ಅಲಗು ಹಾಗೆ ಆಗುವುದಿಲ್ಲ. ಕೇಳಿದವರಿಗೆ ನಾನು ಇಯಾಯ್ತೊ ಕೊಳ್ಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಮನೆಯಲ್ಲಿರುವುದು ಬೇರೆ, ರಸ್ತೆಗೆ ತರುವುದು ಬೇರೆ. ಫೋಟೊಶೂಟ್, ಮೆರವಣಿಗೆ, ಕಾರಿನ ಡಿಕ್ಕಿ, ಹುಟ್ಟುಹಬ್ಬದ ಕೇಕ್ ಕತ್ತರಿಸುವುದು, ಯಾವುದೂ ಬೇಡ. ಕತ್ತಿಯಲ್ಲಿ ಕೇಕ್ ಕತ್ತರಿಸಿ ಠಾಣೆ ಮೆಟ್ಟಿಲು ಹತ್ತಿದವರ ಸುದ್ದಿ ನೀವೂ ಓದಿರುತ್ತೀರಿ.

ಜಪಾನಿಗೆ ಹೋಗುತ್ತಿದ್ದೇನೆ. ಅಲ್ಲಿಂದ ತರಬಹುದಾ?

ಅಸಲಿ ಕತ್ತಿಗೆ ಎರಡು ಬಾಗಿಲು ದಾಟಬೇಕು. ಜಪಾನಿನಲ್ಲಿ 1958ರ ಕಾಯಿದೆಯ ಪ್ರಕಾರ ಪ್ರತಿ ಕತ್ತಿಗೂ ನೋಂದಣಿ ಚೀಟಿ ಇರುತ್ತದೆ. ಅದನ್ನು ಕೊಡುವುದು ಪೊಲೀಸರಲ್ಲ, ಪ್ರಾಂತ್ಯದ ಶಿಕ್ಷಣ ಮಂಡಳಿ. ಕತ್ತಿ ಅಲ್ಲಿ ಆಯುಧವಾಗಿ ಅಲ್ಲ, ಕಲೆಯಾಗಿ ಉಳಿದುಕೊಂಡಿದೆ. ದೇಶದಿಂದ ಹೊರಗೆ ಒಯ್ಯಬೇಕಾದರೆ ಸಂಸ್ಕೃತಿ ಇಲಾಖೆಯಿಂದ ಪತ್ರ ಪಡೆದು, ನೋಂದಣಿ ಚೀಟಿ ಹಿಂದಿರುಗಿಸಬೇಕು. ಒಳ್ಳೆಯ ಅಂಗಡಿಯವರು ಇದನ್ನು ತಾವೇ ಮಾಡಿಸಿಕೊಡುತ್ತಾರೆ, ವಾರಗಟ್ಟಲೆ ಹಿಡಿಯುತ್ತದೆ. ಎರಡನೆಯ ಬಾಗಿಲು ನಮ್ಮ ಕಸ್ಟಮ್ಸ್. ನಮ್ಮ ಕಾಯಿದೆಯ 10ನೇ ಕಲಮಿನ ಪ್ರಕಾರ ಶಸ್ತ್ರ ಆಮದಿಗೆ ಪರವಾನಗಿ ಬೇಕು. ಅದನ್ನು ಮೊದಲು ಮಾಡಿಕೊಳ್ಳದೆ ದುಡ್ಡು ಕಟ್ಟಬೇಡಿ.

ಇಯಾಯ್ತೊ ಆದರೂ ಚೆಕ್-ಇನ್ ಲಗೇಜಿನಲ್ಲೇ ಬರಬೇಕು, ಏರ್‌ಲೈನ್ಸ್‌ಗೆ ಮೊದಲೇ ಹೇಳಿ, ಕೊಂಡ ರಸೀದಿ ಕೈಯಲ್ಲಿರಲಿ. ನೆನಪಿಡಿ, ಜಪಾನಿನಲ್ಲಿ ನಕಲಿ ಕತ್ತಿಯನ್ನೂ ಸಕಾರಣ ಇಲ್ಲದೆ ಬೀದಿಯಲ್ಲಿ ಹಿಡಿದು ತಿರುಗುವಂತಿಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಆಗಾಗ ಕೇಳುತ್ತಾರೆ. ಅಲ್ಲಿ 2008ರಿಂದ 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಕತ್ತಿ ಮಾರುವುದಕ್ಕೆ, ತರಿಸುವುದಕ್ಕೆ ನಿಷೇಧ ಇದೆ. ಸಾಂಪ್ರದಾಯಿಕವಾಗಿ ಕೈಯಿಂದ ಮಾಡಿದ್ದಕ್ಕೆ ವಿನಾಯಿತಿ. ಅಂದರೆ ಅಗ್ಗದ್ದೇ ಅಲ್ಲಿ ತಂಟೆ, ದುಬಾರಿಯದ್ದು ಅಲ್ಲ.

ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ?

ಅಲಗನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇದು ಒಂದನೆಯ ಪಾಠ, ಕೊನೆಯದ್ದೂ ಹೌದು. ಬೆರಳಿನ ಬೆವರು ಸಾಕು. ಒಂದು ಜುಲೈನಲ್ಲಿ ಮಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ಅಲಗಿನ ಮೇಲೆ ಕಂದು ಬಣ್ಣದಲ್ಲಿ ಒಂದು ಇಡೀ ಹೆಬ್ಬೆರಳಿನ ಗುರುತು ನೋಡಿದೆ, ಗೆರೆ ಗೆರೆಯೂ ಸ್ಪಷ್ಟ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿದ ಹಾಗೆ. ಯಾರದ್ದು ಅಂತ ಕೇಳಿದರೆ ಯಾರೂ ಒಪ್ಪಲಿಲ್ಲ.

ಕಾರ್ಬನ್ ಉಕ್ಕಿನದಾದರೆ ಎರಡು ತಿಂಗಳಿಗೊಮ್ಮೆ, ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ, ಮೆದು ಟಿಶ್ಯೂನಿಂದ ಹಳೆಯ ಎಣ್ಣೆ ಒರೆಸಿ ಹೊಸದು ಹಚ್ಚಿ. ಬೆನ್ನಿನ ಕಡೆಯಿಂದ ಹಿಡಿದು ಬುಡದಿಂದ ಮೊನೆಗೆ ಒರೆಸಬೇಕು, ಹಿಂದಕ್ಕೆ ಮುಂದಕ್ಕೆ ಉಜ್ಜಬಾರದು. ಜಪಾನಿಗಳು ಹಚ್ಚುವುದು ಲವಂಗದ ವಾಸನೆಯ ‘ಚೋಜಿ’ ಎಣ್ಣೆ. ಅದು ಸಿಗದಿದ್ದರೆ ಹೊಲಿಗೆ ಮಷಿನ್ ಎಣ್ಣೆ ಆಗುತ್ತದೆ. ತೆಳ್ಳಗೆ, ಮಂಜು ಹಿಡಿದಷ್ಟೇ. ತೊಟ್ಟಿಕ್ಕುವಷ್ಟು ಹಚ್ಚಿದರೆ ಒರೆಯ ಮರ ಕುಡಿದು ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಬೇಡ. ಅದು ಕಮಟಾಗಿ ಅಂಟಂಟಾಗುತ್ತದೆ.

ಬಿಳಿ ಪುಡಿಯ ಪುಟ್ಟ ಚೆಂಡು ಕಿಟ್‌ನಲ್ಲಿ ಬಂದಿರುತ್ತದೆ, ‘ಉಚಿಕೊ’. ಸಾಣೆಕಲ್ಲಿನ ನುಣುಪು ಪುಡಿ ಅದು. ಇಯಾಯ್ತೊಗೆ ಅದನ್ನು ಬಳಸಬೇಡಿ, ಮೇಲಿನ ಲೇಪ ಗೀಚುತ್ತದೆ. ಕನ್ನಡಕ ಒರೆಸುವ ಬಟ್ಟೆ ಸಾಕು.

ಆಯುಧಪೂಜೆಗೆ ಕತ್ತಿಗೆ ಪೂಜೆ ಮಾಡಬಹುದಾ?

ಮಾಡದೆ ಬಿಟ್ಟರೆ ನಮ್ಮಮ್ಮ ಬಿಡಬೇಕಲ್ಲ! ಆದರೆ ಅಲಗಿಗೆ ಅರಿಶಿನ ಕುಂಕುಮ ಬೇಡ. ಒದ್ದೆ ಕುಂಕುಮ ಇಟ್ಟು ವಿಜಯದಶಮಿವರೆಗೆ ಹಾಗೇ ಬಿಟ್ಟರೆ ಉಕ್ಕಿನ ಮೇಲೆ ಬೊಟ್ಟು ಶಾಶ್ವತ. ನಮ್ಮ ಮನೆಯ ಒಂದು ಕತ್ತಿಯಲ್ಲಿ ಮೊನೆಯಿಂದ ನಾಲ್ಕು ಬೆರಳು ಕೆಳಗೆ ಕಾಸಿನಗಲದ ಕಪ್ಪು ಕಲೆ ಈಗಲೂ ಇದೆ. ನಿಂಬೆಹಣ್ಣು ಕತ್ತರಿಸುವುದಂತೂ ಬೇಡವೇ ಬೇಡ, ಹುಳಿ ಅಲಗನ್ನು ತಿನ್ನುತ್ತದೆ. ಕತ್ತಿ ಒರೆಯಲ್ಲೇ ಇರಲಿ, ಹೂವು ಮೇಲಿರಲಿ, ಕುಂಕುಮ ಸ್ಟ್ಯಾಂಡಿನ ಮರಕ್ಕೆ ಇಡಿ. ಅಮ್ಮ ಈ ಒಪ್ಪಂದಕ್ಕೆ ಮೂರು ವರ್ಷ ತೆಗೆದುಕೊಂಡರು.

ಗೋಡೆಗೆ ಯಾವ ದಿಕ್ಕಿಗೆ ಹಾಕಬೇಕು?

ಕಟಾನಾ ಆದರೆ ಬಾಗು ಮೇಲೆ, ಅಂದರೆ ಅಲಗಿನ ಬಾಯಿ ಮೇಲೆ ಬರಬೇಕು. ಹಿಡಿ ನೋಡುವವರ ಎಡಕ್ಕೆ. ಹಿಡಿ ಬಲಕ್ಕಿದ್ದರೆ ಬಲಗೈಗೆ ತಕ್ಷಣ ಸಿಗುತ್ತದೆ, ಅದು ಜಗಳಕ್ಕೆ ನಿಂತ ಲಕ್ಷಣ. ತಾಚಿ ಆದರೆ ಬಾಯಿ ಕೆಳಗೆ. ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲಮನೆಯ ಆಚೆ ಬದಿಯ ಗೋಡೆಯೂ ಬೇಡ. ಮಕ್ಕಳಿದ್ದರೆ ಗಾಜಿನ ಕಪಾಟು ಮಾಡಿಸಿ ಬೀಗ ಹಾಕಿ.

ಮನೆಯಲ್ಲಿ ಕತ್ತಿ ಇದ್ದರೆ ಜಗಳ ಆಗುತ್ತೆ ಅಂತಾರಲ್ಲ?

ಜಪಾನಿನ ರಾಜಮನೆತನದಲ್ಲಿ ಮಗು ಹುಟ್ಟಿದರೆ ಚಕ್ರವರ್ತಿ ಕಳಿಸುವ ಉಡುಗೊರೆ ಒಂದು ಪುಟ್ಟ ಕತ್ತಿ, ಮಗುವಿಗೆ ಕಾವಲು ಅಂತ. ನಮ್ಮ ಮನೆಯಲ್ಲಿ ಇಲ್ಲಿತನಕ ಆದ ಜಗಳಗಳೆಲ್ಲ ಕತ್ತಿ ಕೊಂಡ ರಸೀದಿಯ ಬಗ್ಗೆ.

ನಮ್ಮ ತಾತ ಸೈನ್ಯದಲ್ಲಿದ್ದರು. ಬರ್ಮಾದಿಂದ ತಂದ ಜಪಾನಿ ಕತ್ತಿ ಅಟ್ಟದಲ್ಲಿದೆ. ಅದಕ್ಕೇನಾದರೂ ಬೆಲೆ ಇದೆಯಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತದೆ. 1945ರಲ್ಲಿ ಜಪಾನ್ ಸೋತಾಗ ಆಗ್ನೇಯ ಏಷ್ಯಾದಲ್ಲಿ ಜಪಾನಿ ಅಧಿಕಾರಿಗಳು ತಮ್ಮ ಕತ್ತಿಯನ್ನು ಎಲ್ಲರ ಎದುರು ಒಪ್ಪಿಸಬೇಕು ಅಂತ ಆ ಭಾಗದ ಮಿತ್ರಪಡೆಗಳ ಮುಖ್ಯಸ್ಥ ಮೌಂಟ್‌ಬ್ಯಾಟನ್ ಪಟ್ಟು ಹಿಡಿದರು. ಹಾಗೆ ಭಾರತೀಯ ಪಡೆಗಳ ಕೈಗೂ ಕತ್ತಿಗಳು ಬಂದವು. ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ನಡೆದ ಶರಣಾಗತಿಯಲ್ಲಿ ಭಾರತದ ಪರವಾಗಿ ಹಾಜರಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ, ಆಗ ಬ್ರಿಗೇಡಿಯರ್.

ಅಂಥ ಕತ್ತಿಗಳಿಗೆ ‘ಗುಂತೊ’ ಅನ್ನುತ್ತಾರೆ. ಹಿಡಿ ಅಲ್ಯೂಮಿನಿಯಂ ಎರಕ, ದಾರ ಸುತ್ತಿದಂತೆ ಬಣ್ಣ ಬಳಿದದ್ದು, ಅಲಗಿನ ಮೇಲೆ ನಂಬರು ಒತ್ತಿದೆ ಅಂದರೆ ಅದು ಕೆಳದರ್ಜೆಯ ಅಧಿಕಾರಿಗಳಿಗೆ ಮಷಿನ್‌ನಲ್ಲಿ ಮಾಡಿದ್ದು. ಒರೆಯ ಮೇಲೂ ಅದೇ ನಂಬರು ಇದ್ದರೆ ಸಂಗ್ರಹಕಾರರಿಗೆ ಇಷ್ಟ. ಆದರೆ ಮೇಲಧಿಕಾರಿಗಳಲ್ಲಿ ಕೆಲವರು ಮನೆತನದ ಹಳೆಯ ಅಲಗಿಗೇ ಸೈನ್ಯದ ಹಿಡಿ ಒರೆ ಹಾಕಿಸಿಕೊಂಡು ಯುದ್ಧಕ್ಕೆ ಬಂದಿದ್ದರು. ಹೊರಗೆ ಹಸಿರು ಬಣ್ಣದ ತಗಡಿನ ಒರೆ, ಒಳಗೆ ಮುನ್ನೂರು ವರ್ಷದ ಅಲಗು ಇರಬಹುದು.

ಹಾಗಾಗಿ ಉಜ್ಜಬೇಡಿ, ಸಾಣೆಯವನಿಗೆ ಕೊಡಬೇಡಿ. ತೆಳ್ಳಗೆ ಎಣ್ಣೆ ಹಚ್ಚಿ. ಗೂಟ ಸಲೀಸಾಗಿ ಬಂದರೆ ತೆಗೆದು ನಕಾಗೊದ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ, ಬರದಿದ್ದರೆ ಬಲ ಹಾಕಬೇಡಿ. ಠಾಣೆಯಲ್ಲಿ ಕೇಳುವ ಮಾತು ಇದಕ್ಕೂ ಅನ್ವಯಿಸುತ್ತದೆ. ತಾತನ ಸೇವಾದಾಖಲೆ, ಹಳೆಯ ಕಾಗದ ಏನಿದ್ದರೂ ಕತ್ತಿಯ ಜೊತೆಗೇ ಇಡಿ.

ಮೊಂಡಾಗಿದೆ. ನಮ್ಮ ಬೀದಿಗೆ ಸಾಣೆ ಹಿಡಿಯುವವನು ಬರುತ್ತಾನೆ, ಕೊಡಲಾ?

ಅಯ್ಯೋ, ಬೇಡ. ಅವನ ಚಕ್ರದ ಕಾವಿಗೆ ಅಲಗಿನ ಹದವೇ ಹೋಗುತ್ತದೆ. ಜಪಾನಿನಲ್ಲಿ ಸಾಣೆ ಹಿಡಿಯುವವನು ಕಮ್ಮಾರನಷ್ಟೇ ದೊಡ್ಡ ಕಲಾವಿದ. ಒಂದು ಕಲ್ಲಿನಿಂದ ಶುರು ಮಾಡಿ ಇನ್ನೂ ನುಣುಪಿನ ಕಲ್ಲು, ಕೊನೆಗೆ ಉಗುರಿನಷ್ಟು ತೆಳು ಕಲ್ಲಿನ ಚೂರನ್ನು ಹೆಬ್ಬೆರಳಿನಡಿ ಇಟ್ಟು ಉಜ್ಜುತ್ತಾನೆ.

ಇಷ್ಟೆಲ್ಲ ರಗಳೆ ಬೇಡ. ಬೇರೆ ಏನಾದರೂ ಸಂಗ್ರಹಿಸಬಹುದಾ?

ಖಂಡಿತ. ‘ತ್ಸುಬ’ ಸಂಗ್ರಹಿಸಿ. ಹಿಡಿ ಮತ್ತು ಅಲಗಿನ ನಡುವಿನ ತಡೆತಟ್ಟೆ. ಅಂಗೈಯಲ್ಲಿ ಕೂರುತ್ತದೆ, ಆಯುಧವೂ ಅಲ್ಲ. ಕಬ್ಬಿಣದಲ್ಲಿ ಕೊರೆದ ಕೊಕ್ಕರೆ, ತಾಮ್ರದ ಮೇಲೆ ಚಿನ್ನದ ಮಿಡತೆ, ಮಳೆಯಲ್ಲಿ ಕೊಡೆ ಹಿಡಿದು ಹೋಗುವ ಮುದುಕ. ‘ಶಕುದೊ’ ಅನ್ನುವ ಒಂದು ಲೋಹ ಇದೆ. ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸಿ, ಮೂಲಂಗಿ ತುರಿ ಸವರಿ, ತಾಮ್ರದ ಲವಣಗಳ ನೀರಿನಲ್ಲಿ ಕುದಿಸಿದರೆ ಮೇಲ್ಮೈ ನೀಲಿ ಮಿಶ್ರಿತ ಕಪ್ಪಾಗುತ್ತದೆ. ನೋಡಿದ ಕೂಡಲೇ ನನಗೆ ನಮ್ಮ ಬಿದರಿ ನೆನಪಾಯಿತು. ಅಲ್ಲಿ ಸತುವಿನ ಮಿಶ್ರಲೋಹ, ಬೀದರ್ ಕೋಟೆಯ ಮಣ್ಣು; ಇಲ್ಲಿ ತಾಮ್ರ, ಮೂಲಂಗಿ. ಕಪ್ಪಿನ ಮೇಲೆ ಬೆಳ್ಳಿ ಬಂಗಾರ ಹೊಳೆಯಿಸುವ ಆಸೆ ಮಾತ್ರ ಒಂದೇ.

1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಜಪಾನ್ ಸರ್ಕಾರ ನಿಲ್ಲಿಸಿದಾಗ ತ್ಸುಬ ಮಾಡುವ ಕುಸುರಿಗಾರರ ಕೆಲಸ ಹೋಯಿತು. ಕಾನೊ ನತ್ಸುಒನಂಥ ಕುಸುರಿಗಾರ ಅದಕ್ಕೂ ಮೊದಲೇ ಹೊಸ ಟಂಕಸಾಲೆಯ ನಾಣ್ಯಗಳಿಗೆ ಚಿತ್ರ ಕೆತ್ತುವ ಕೆಲಸ ಹಿಡಿದಿದ್ದ.

ಜಪಾನಿ ಕತ್ತಿಗೂ ನಮಗೂ ಸಂಬಂಧ ಇದೆ ಅಂತಾರೆ. ಸುಮ್ನೆ ಹೇಳೋದಾ?

ಪೂರ್ತಿ ಸುಮ್ನೆ ಅಲ್ಲ. ಎಚಿಜೆನ್ ಯಾಸುತ್ಸುಗು ಅನ್ನುವ ಕಮ್ಮಾರ, ಆಗ ಜಪಾನ್ ಆಳುತ್ತಿದ್ದ ತೊಕುಗಾವಾ ದೊರೆಗಳಿಗೆ ಕತ್ತಿ ಮಾಡುತ್ತಿದ್ದ, 1600ರ ನಂತರದ ವರ್ಷಗಳಲ್ಲಿ. ತನ್ನ ಕತ್ತಿಗಳ ನಕಾಗೊ ಮೇಲೆ ‘ನಂಬನ್ ಕಬ್ಬಿಣದಿಂದ ಮಾಡಿದ್ದು’ ಅಂತ ಹೆಮ್ಮೆಯಿಂದ ಕೆತ್ತುತ್ತಿದ್ದ. ನಂಬನ್ ಅಂದರೆ ದಕ್ಷಿಣದ ಹಡಗುಗಳಲ್ಲಿ ಬಂದ ವಿದೇಶಿ ಮಾಲು. ಅದರಲ್ಲಿ ಭಾರತದ ಉಕ್ಕೂ ಇತ್ತು ಅನ್ನುವವರಿದ್ದಾರೆ. ನಮ್ಮ ಕಡೆಯ ಮೂಸೆ ಉಕ್ಕಿಗೆ ಇಂಗ್ಲಿಷಿನಲ್ಲಿ ‘ವೂಟ್ಜ್’ ಅಂತ ಹೆಸರು. ಆ ಹೆಸರು ‘ಉಕ್ಕು’ ಅನ್ನುವ ನಮ್ಮ ಪದದಿಂದ ಹೋದದ್ದು ಅನ್ನುವುದು ಹೆಚ್ಚಿನವರು ಒಪ್ಪಿದ ಮಾತು. ‘ಕಟಾನಾ ನಮ್ಮದೇ’ ಅಂತ ವಾಟ್ಸಾಪ್‌ನಲ್ಲಿ ಬಂದರೆ ಮಾತ್ರ ಮುಂದೆ ಕಳಿಸಬೇಡಿ.

ಮುರಿದ ಕತ್ತಿಯನ್ನು ಏನು ಮಾಡಲಿ?

ಕಸದ ಗಾಡಿಗೆ ಹಾಕಬೇಡಿ, ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಗುಜರಿಗೆ ಇಡಿಯಾಗಿ ಕೊಟ್ಟರೆ ನಾಳೆ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ನಾನು ಆ ಹಾವಿನ ಚಿತ್ರದ ಕತ್ತಿಯ ಅಲಗನ್ನು ವೆಲ್ಡಿಂಗ್ ಶಾಪಿಗೆ ಒಯ್ದು ಎದುರಿಗೇ ನಾಲ್ಕು ತುಂಡು ಮಾಡಿಸಿದೆ. ಅಂಗಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ, ‘ಸಾರ್, ಇದು ತಗಡು’ ಅಂದರು. ತಡೆತಟ್ಟೆ ಇಟ್ಟುಕೊಂಡಿದ್ದೇನೆ, ಪೇಪರ್‌ವೇಟ್ ಆಗಿದೆ.